ಬಕೆಟ್ಟಿನಿಂದ ಬಾಟಲಿಗೆ

ಹೋದ ತಿಂಗಳು ಲ್ಯಾಬಿನ ಸ್ಟೋರ್ ರೂಮಿಗೆ ಬಣ್ಣ ಹೊಡೆಸಬೇಕು ಅಂತ ಸಾಮಾನೆಲ್ಲ ಹೊರಗೆ ಹಾಕುತ್ತಿದ್ದೆವು. ಮೂಲೆಯಲ್ಲಿ ಒಂದರೊಳಗೊಂದು ಹೊಕ್ಕು ಕೂತ ಬಿಳಿ ಪ್ಲಾಸ್ಟಿಕ್ ಬಕೆಟ್ಟುಗಳು ಸಿಕ್ಕವು. ಐದೈದು ಲೀಟರಿನವು, ಒತ್ತಿ ಕೂರಿಸುವ ಮುಚ್ಚಳದವು. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿ ಕೇಳಿದಳು: "ಅಕ್ಕಾ, ಇಷ್ಟು ದೊಡ್ಡದು ಯಾತಕ್ಕೆ ಬೇಕಿತ್ತು?" "ಕಿಡ್ನಿಗೆ" ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಅವಳು ಬಂದ ಮೇಲೆ ನೋಡಿದ ಕಿಡ್ನಿ ಗಡ್ಡೆಗಳೆಲ್ಲ ಅಂಗೈಯಲ್ಲಿ ಹಿಡಿಯುವ ಬಾಟಲಿಯಲ್ಲೋ ಉಪ್ಪಿನಕಾಯಿ ಜಾಡಿಯಷ್ಟಿನ ಡಬ್ಬಿಯಲ್ಲೋ ಬಂದವು. ಒಂದನ್ನು ಬಿಟ್ಟು. ಆ ಒಂದರ ವಿಷಯ ಆಮೇಲೆ ಹೇಳುತ್ತೇನೆ.

ನಾನು ಶಿವಮೊಗ್ಗದ ಈ ಲ್ಯಾಬಿಗೆ ಬಂದದ್ದು 1996ರಲ್ಲಿ, ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ. ಆಪರೇಷನ್ನಿನಲ್ಲಿ ತೆಗೆದದ್ದು, ಕೊಳೆಯದ ಹಾಗೆ ಇಡುವ ಫಾರ್ಮಲಿನ್ ಅನ್ನುವ ದ್ರವದಲ್ಲಿ ನಮ್ಮಲ್ಲಿಗೆ ಬರುತ್ತದೆ. ನಮ್ಮ ಪೆಥಾಲಜಿ ಡಾಕ್ಟರು, ಮೇಡಂ, ಅದನ್ನು ಕೊಯ್ದು ಬೇಕಾದ ತುಂಡುಗಳನ್ನು ಆರಿಸಿ ಕೊಡುತ್ತಾರೆ. ಆ ತುಂಡುಗಳನ್ನು ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ ಬಣ್ಣ ಕೊಡುವುದು ನನ್ನ ಕೆಲಸ. ರೋಗ ಇಂಥದ್ದು ಅಂತ ಹೇಳುವ ಅಧಿಕಾರ ನನಗಿಲ್ಲ, ಅದು ಮೇಡಂ ಅವರದ್ದು. ಆದರೆ ಇಷ್ಟು ವರ್ಷ ಬಂದದ್ದನ್ನೆಲ್ಲ ತೂಗಿ, ಅಳೆದು, ರಿಜಿಸ್ಟರಿನಲ್ಲಿ ಬರೆದವಳಿಗೆ ಆ ಹುಡುಗಿಯ ಪ್ರಶ್ನೆ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಕಿಡ್ನಿಯ ಗಡ್ಡೆ ಚಿಕ್ಕದಾಯಿತೋ, ಅಥವಾ ಚಿಕ್ಕದಿರುವಾಗಲೇ ನಾವು ನೋಡುತ್ತಿದ್ದೇವೋ? ನೋಡಿದ್ದರಿಂದ ಜನ ಉಳಿಯುತ್ತಿದ್ದಾರೋ? ಮತ್ತೆ, ಹಾಗೆ ಬೇಗ ನೋಡುತ್ತಿರುವುದು ಯಾರನ್ನು?

ಹಲಸಿನ ತೊಳೆಯ ಬಣ್ಣ

ಆರೋಗ್ಯವಾಗಿರುವ ಕಿಡ್ನಿ 11 ಸೆಂ.ಮೀ. ಉದ್ದ, ತೂಕ 150 ಗ್ರಾಂ ಆಸುಪಾಸು. ಬಕೆಟ್ಟಿನಲ್ಲಿ ಬರುತ್ತಿದ್ದದ್ದು ಸುತ್ತಲಿನ ಕೊಬ್ಬು, ಮೇಲಿನ ಅಡ್ರಿನಲ್ ಗ್ರಂಥಿ, ಗಡ್ಡೆ ಎಲ್ಲ ಸೇರಿ ಒಂದು ಕಿಲೋ ದಾಟುತ್ತಿತ್ತು. ಕಿಡ್ನಿಯಲ್ಲಿ ಕ್ಯಾನ್ಸರ್ ಅಂದರೆ ಸುತ್ತಲಿನದನ್ನೆಲ್ಲ ಒಟ್ಟಿಗೇ ತೆಗೆಯಬೇಕು ಅಂತ ಕೆನಡಾದ ರಾಬ್ಸನ್ 1960ರ ದಶಕದಲ್ಲಿ ಹೇಳಿಕೊಟ್ಟದ್ದನ್ನೇ ನಮ್ಮ ಸರ್ಜನ್‌ಗಳೂ ಪಾಲಿಸುತ್ತಿದ್ದರು. ಎರಡು ಕೈಯಲ್ಲಿ ಎತ್ತಿ ಹಲಗೆಯ ಮೇಲೆ ಇಟ್ಟರೆ ಮೇಡಂ ಉದ್ದನೆಯ ಚಾಕುವಿನಿಂದ ಹೊರಬಾಗಿನಿಂದ ಒಳಗೆ ಒಂದೇ ಸಲ ಸೀಳಿ ಪುಸ್ತಕದ ಹಾಗೆ ಬಿಡಿಸುತ್ತಿದ್ದರು. ಮೊದಲ ಸಲ ಒಳಗಿನದ್ದು ಕಂಡಾಗ ನಾನು ಒಂದು ಹೆಜ್ಜೆ ಹಿಂದೆ ಸರಿದದ್ದು ನೆನಪಿದೆ. ಕಣ್ಣು ಕೋರೈಸುವ ಹಳದಿ. ನಮ್ಮ ಹಿತ್ತಿಲ ಬಕ್ಕೆ ಹಲಸಿನ ತೊಳೆ ಇರುತ್ತದಲ್ಲ, ಅದೇ ಬಣ್ಣ. ನಡುನಡುವೆ ರಕ್ತ ಹೆಪ್ಪುಗಟ್ಟಿದ ಕಪ್ಪುಗೆಂಪು, ಸತ್ತ ಭಾಗದ ಬೂದು. ಅಂಚಿನಲ್ಲಿ, ಒತ್ತಿ ತೆಳ್ಳಗಾಗಿ, ಉಳಿದ ಕಿಡ್ನಿ.

ಆ ಹಳದಿಯೇ ಒಂದು ಕಾಲಕ್ಕೆ ವೈದ್ಯರ ದಾರಿ ತಪ್ಪಿಸಿತ್ತು ಅಂತ ಮೇಡಂ ಹೇಳಿದ್ದು ಆಮೇಲೆ. 1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಸ್ ಈ ಗಡ್ಡೆ ಅಡ್ರಿನಲ್ ಗ್ರಂಥಿಯ ಹಾಗೇ ಹಳದಿ ಇದೆ, ಹಾಗಾಗಿ ಕಿಡ್ನಿಯೊಳಗೆ ಸಿಕ್ಕಿಹಾಕಿಕೊಂಡ ಅಡ್ರಿನಲ್ ಚೂರುಗಳಿಂದಲೇ ಹುಟ್ಟಿರಬೇಕು ಅಂದುಕೊಂಡರು. 'ಹೈಪರ್‌ನೆಫ್ರೋಮಾ' ಅನ್ನುವ ಹೆಸರು ಬಂದದ್ದು ಆ ಎಣಿಕೆಯಿಂದ. ಎಣಿಕೆ ಸುಳ್ಳು ಅಂತ ಗೊತ್ತಾಗಿ ಎಷ್ಟೋ ಕಾಲವಾದ ಮೇಲೂ, ನಾನು ಸೇರಿದ ಹೊಸತರಲ್ಲಿ ಹಿರಿಯ ಸರ್ಜನ್ನೊಬ್ಬರು ಕಳಿಸುವ ಚೀಟಿಯಲ್ಲಿ ಅದೇ ಹೆಸರು ಇರುತ್ತಿತ್ತು. ಹಳದಿ ನಿಜವಾಗಿ ಕೊಬ್ಬಿನದ್ದು, ಜೀವಕೋಶಗಳು ಒಳಗೆ ತುಂಬಿಟ್ಟುಕೊಂಡದ್ದು. ಸ್ಲೈಡ್ ಮಾಡಲು ಆಲ್ಕೋಹಾಲ್, ಕ್ಸೈಲೀನ್‌ಗಳಲ್ಲಿ ಅದ್ದುವಾಗ ಅದೆಲ್ಲ ಕರಗಿ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಖಾಲಿ ಮನೆಗಳ ಸಾಲಿನ ಹಾಗೆ ಕಾಣುತ್ತದೆ. ಕಿಡ್ನಿ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಈ 'ಕ್ಲಿಯರ್ ಸೆಲ್' ಜಾತಿಯವೇ. ಅದರ ಬಣ್ಣ ತೊಳೆದು ತೆಗೆಯುವವಳು ನಾನೇ ಅನ್ನುವುದು ಎಷ್ಟೋ ದಿನ ನನ್ನನ್ನು ಕಾಡಿತ್ತು.

ಬಾಟಲಿಯಲ್ಲಿ ಬರುವವು ಹಾಗಲ್ಲ. ಈಗ ಆದಷ್ಟೂ ಗಡ್ಡೆಯನ್ನಷ್ಟೇ ಬಿಡಿಸಿ ಕಿಡ್ನಿ ಉಳಿಸುತ್ತಾರೆ. 3 ಸೆಂ.ಮೀ.ನ ಒಂದು ಉಂಡೆ, ಮಿಡಿಮಾವಿನಷ್ಟು, ಸುತ್ತ ತೆಳ್ಳನೆಯ ಕಿಡ್ನಿಯ ಅಂಚು. ಆ ಅಂಚಿಗೆ ಶಾಯಿ ಹಚ್ಚುತ್ತೇವೆ, ಗಡ್ಡೆ ಅಲ್ಲಿಯವರೆಗೆ ಬಂದಿದೆಯೋ ಇಲ್ಲವೋ ಸ್ಲೈಡಿನಲ್ಲಿ ತಿಳಿಯಲಿ ಅಂತ. ಕೊಯ್ದರೆ ಹಳದಿಯೇ ಇರುತ್ತದೆ ಅನ್ನುವ ಹಾಗಿಲ್ಲ. ಕೆಲವು ಹೊನ್ನೆ ಮರದ ತಿರುಳಿನ ಹಾಗೆ ಕೆಂಪುಕಂದು, ನಡುವೆ ಬಿಳಿ ಗಾಯದ ಕಲೆ. ಅದು ಆಂಕೋಸೈಟೋಮಾ, ಕ್ಯಾನ್ಸರ್ ಅಲ್ಲ. 4 ಸೆಂ.ಮೀ. ಒಳಗಿನ ಗಡ್ಡೆ ಅಂತ ಆಪರೇಷನ್ ಮಾಡಿ ತೆಗೆದವುಗಳಲ್ಲಿ ಸುಮಾರು ಐದಕ್ಕೆ ಒಂದು ಹೀಗೆ ನಿರುಪದ್ರವಿ. ಅಂಥ ರಿಪೋರ್ಟ್ ಕೈಗೆ ಕೊಟ್ಟ ದಿನ ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಅವರ ಸಂತೋಷ ನೋಡಿ ನನಗೂ ಸಂತೋಷವಾಗುತ್ತದೆ. ಆದರೆ ಬಕೆಟ್ಟಿನ ಕಾಲದಲ್ಲಾಗಿದ್ದರೆ ಆ ಮನುಷ್ಯ ಆ ಉಂಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ, ಏನೂ ತಿಳಿಯದೆ, ಎಂಬತ್ತು ವರ್ಷ ಬದುಕುತ್ತಿದ್ದನೇನೋ ಅಂತಲೂ ಅನ್ನಿಸುತ್ತದೆ.

ದೊಡ್ಡಪ್ಪಯ್ಯನ ಎಳನೀರು

1986ರ ಬೇಸಿಗೆ. ದೊಡ್ಡಪ್ಪಯ್ಯನಿಗೆ ಆಗ ಐವತ್ತೆಂಟು. ಬಚ್ಚಲ ಕಲ್ಲಿನ ಮೇಲೆ ಕೆಂಪು ಕಂಡು ದೊಡ್ಡಮ್ಮ ಹೆದರಿ ಕೇಳಿದರು. "ಉಷ್ಣ ಕಣೇ. ಮೂರು ದಿನದಿಂದ ಕೆಂಪಗೆ ಹೋಗ್ತಾ ಇದೆ. ನೋವಿಲ್ಲ, ಎಂತದೂ ಇಲ್ಲ" ಅಂದರಂತೆ. ಎಳನೀರು, ಬಾರ್ಲಿ, ಲಾವಂಚದ ನೀರು ಎಲ್ಲ ಆಯಿತು. ನಾಲ್ಕನೇ ದಿನಕ್ಕೆ ನಿಂತೂ ನಿಂತಿತು.

ಈ ರೋಗದ ಮೋಸವೇ ಅದು. ರಕ್ತ ಬರುತ್ತದೆ, ತಾನೇ ನಿಲ್ಲುತ್ತದೆ. ನಿಂತದ್ದರ ಪುಣ್ಯ ಆ ಹೊತ್ತಿಗೆ ಕುಡಿದದ್ದಕ್ಕೆ ಸೇರುತ್ತದೆ. ನೋವಿದ್ದಿದ್ದರೆ ದೊಡ್ಡಪ್ಪಯ್ಯ ಆವತ್ತೇ ತೀರ್ಥಹಳ್ಳಿಯ ಬಸ್ಸು ಹತ್ತುತ್ತಿದ್ದರು. ಮಳೆಗಾಲ ಕಳೆಯಿತು. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಮತ್ತೆ ಒಂದೆರಡು ಸಲ ಕೆಂಪು, ಮತ್ತೆ ಎಳನೀರು. ಸಂಜೆಗೆ ಮೈ ಬೆಚ್ಚಗೆ, ಊಟ ಸೇರದು. ಅಡಿಕೆ ಸುಲಿಯುವ ರಾತ್ರಿ ಎಲ್ಲರ ಜೊತೆ ಕೂರುತ್ತಿದ್ದವರು ಜಗಲಿಯಲ್ಲಿ ಕಂಬಳಿ ಹೊದ್ದು ಮಲಗತೊಡಗಿದರು. ನಾನಾಗ ಹೈಸ್ಕೂಲು. ಒಂದು ಭಾನುವಾರ ಅಭ್ಯಂಜನಕ್ಕೆ ಎಣ್ಣೆ ಹಚ್ಚುತ್ತಿದ್ದ ದೊಡ್ಡಮ್ಮನ ಕೈ ಎಡ ಪಕ್ಕೆಯ ಕೆಳಗೆ ನಿಂತುಬಿಟ್ಟಿತು. ನಾನು ಒಲೆಗೆ ಕಟ್ಟಿಗೆ ಮುಂದೂಡುತ್ತಿದ್ದೆ. ದೊಡ್ಡಮ್ಮ ಏನೂ ಮಾತಾಡಲಿಲ್ಲ. ಇನ್ನೊಂದು ಸಲ ಒತ್ತಿ ನೋಡಿ, ನನ್ನ ಕಡೆ ತಿರುಗಿ, "ನಿನ್ನ ಅಪ್ಪಯ್ಯನ್ನ ಕರಿ" ಅಂದರು. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಮಾರನೇ ದಿನ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದರು. ನರಕ್ಕೆ ಔಷಧಿ ಚುಚ್ಚಿ ತೆಗೆಯುವ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಗಿ, ಕಿಡ್ನಿಯಲ್ಲಿ ಗಡ್ಡೆ, ಶ್ವಾಸಕೋಶದಲ್ಲೂ ಚುಕ್ಕೆಗಳಿವೆ ಅಂತ ತಿಳಿಯಿತು. ಹರಡಿದ ಮೇಲೆ ಕೊಡಲು ಆಗ ಹೇಳಿಕೊಳ್ಳುವಂಥ ಔಷಧಿಯೂ ಇರಲಿಲ್ಲ. ಗುಳಿಗೆಯ ರೂಪದ ಹೊಸ ಔಷಧಿಗಳು ಬಂದದ್ದು 2005, 2006ರ ಹೊತ್ತಿಗೆ. ವಾಪಸು ಬಂದರು. ಮುಂದಿನ ಮಳೆಗಾಲ ಹಿಡಿಯುವ ಮುಂಚೆ ಹೋಗಿಬಿಟ್ಟರು.

ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಡ್ಡೆ. ಹಳೆಯ ಪಠ್ಯಪುಸ್ತಕಗಳಲ್ಲಿ ಕಿಡ್ನಿ ಕ್ಯಾನ್ಸರಿನ ಗುರುತು ಅಂದರೆ ಈ ಮೂರು. ಮೂರೂ ಒಟ್ಟಿಗೆ ಇರುವ ರೋಗಿಗಳು ಈಗ ನೂರಕ್ಕೆ ಹತ್ತೂ ಇಲ್ಲ. ಮೂರೂ ಕಂಡಿತು ಅಂದರೆ ಹೊತ್ತು ಮೀರಿದೆ ಅಂತಲೇ ಅರ್ಥ. ಎಣ್ಣೆ ಹಚ್ಚುವ ಕೈಗೆ ಸಿಗುವ ತನಕ ಕಾಯುವುದೇ ಆ ಕಾಲದ ಪತ್ತೆಯ ವಿಧಾನವಾಗಿತ್ತು.

ಬೇರೆ ಏನೋ ಹುಡುಕುವಾಗ

ಲಂಡನ್ನಿನಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ಆದದ್ದು 1971ರಲ್ಲಿ, ತಲೆಯದ್ದು. ಆಮೇಲೆ ಹೊಟ್ಟೆಗೂ ಬಂತು, ಅಲ್ಟ್ರಾಸೌಂಡ್ ಅಂತೂ ತಾಲ್ಲೂಕು ತಾಲ್ಲೂಕಿಗೆ ಬಂತು. 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನುವ ಬೋರ್ಡು ನಮ್ಮ ಶಿವಮೊಗ್ಗದ ದುರ್ಗಿಗುಡಿಯ ರಸ್ತೆಗಳಲ್ಲಿ ಎಷ್ಟು ಕಡೆ ಇದೆ ಅಂತ ನೀವೇ ಎಣಿಸಿ. ಗ್ಯಾಸ್ಟ್ರಿಕ್ ಅಂತ ಹೋದವರ, ಮುಟ್ಟಿನ ತೊಂದರೆಗೆ ಹೋದವರ, ಪಿತ್ತಕೋಶದ ಕಲ್ಲಿಗೆ ಹೋದವರ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ನೋಡುವಾಗ ಡಾಕ್ಟರು ಕಿಡ್ನಿಯನ್ನೂ ನೋಡುತ್ತಾರೆ. ಅಲ್ಲಿ ಏನೋ ಕಾಣುತ್ತದೆ. ನಮಗೆ ಬರುವ ಚೀಟಿಯಲ್ಲಿ ಇತ್ತೀಚೆಗೆ ಅತಿ ಹೆಚ್ಚು ಕಾಣುವ ಪದ 'ಇನ್ಸಿಡೆಂಟಲ್'. ಬೇರೆ ಏನನ್ನೋ ಹುಡುಕುವಾಗ ಕಣ್ಣಿಗೆ ಬಿದ್ದದ್ದು.

ಪಾಶ್ಚಾತ್ಯ ದೇಶಗಳಲ್ಲಿ 1970ರ ದಶಕದಲ್ಲಿ ಹತ್ತರಲ್ಲಿ ಒಂದು ಕಿಡ್ನಿ ಗಡ್ಡೆ ಹೀಗೆ ಅಕಸ್ಮಾತ್ ಸಿಗುತ್ತಿತ್ತು. ಈಗ ಅರ್ಧಕ್ಕಿಂತ ಹೆಚ್ಚು ಹೀಗೆ ಸಿಗುವಂಥವೇ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದೇ ದಿಕ್ಕಿನ ಬದಲಾವಣೆ ತಡವಾಗಿ ಬರುತ್ತಿದೆ. ಇಲ್ಲಿ ಇನ್ನೂ ತೊಂದರೆ ಕಾಣಿಸಿಕೊಂಡ ಮೇಲೆ ಬರುವವರು ಹೆಚ್ಚು, ಗಡ್ಡೆಯೂ ದೊಡ್ಡದು, ರೋಗಿಯ ವಯಸ್ಸು ಅಲ್ಲಿಯವರಿಗಿಂತ ಕಡಿಮೆ. ಹಾಗಂತ ಎಲ್ಲವನ್ನೂ ಸ್ಕ್ಯಾನಿನ ತಲೆಗೆ ಕಟ್ಟುವಂತಿಲ್ಲ. ಬೀಡಿ ಸಿಗರೇಟು, ಬೊಜ್ಜು, ಬಿ.ಪಿ. ಈ ಮೂರೂ ಈ ರೋಗಕ್ಕೆ ದಾರಿ ಮಾಡುವಂಥವು. ಕೊನೆಯ ಎರಡು ನಮ್ಮ ಮನೆಗಳಲ್ಲಿ ಹೇಗೆ ಏರಿವೆ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ನನಗೆ ತಿಳಿದದ್ದು ತೀರ ತಡವಾಗಿ. ಗಡ್ಡೆ ಮಾತ್ರ ಅಲ್ಲ, ಅಳೆಯುವ ಕೋಲೂ ಬದಲಾಗಿದೆ. ಕ್ಯಾನ್ಸರಿನ ಹಂತ ಗೊತ್ತುಮಾಡುವ 1987ರ ಟಿ.ಎನ್.ಎಂ. ಪಟ್ಟಿಯಲ್ಲಿ ಮೊದಲ ಹಂತ ಅಂದರೆ 2.5 ಸೆಂ.ಮೀ. ಒಳಗೆ. 1997ರಲ್ಲಿ ಅದನ್ನು 7 ಸೆಂ.ಮೀ.ಗೆ ಏರಿಸಿದರು. 2002ರಲ್ಲಿ 4 ಸೆಂ.ಮೀ.ಗೆ ಒಂದು ಗೆರೆ ಎಳೆದು ಎರಡು ಪಾಲು ಮಾಡಿದರು. ನಾನು ಸೇರಿದ ವರ್ಷ ಎರಡನೇ ಹಂತ ಅಂತ ಟೈಪ್ ಮಾಡಿದ 6 ಸೆಂ.ಮೀ. ಗಡ್ಡೆ, ಎರಡು ವರ್ಷದ ಮೇಲೆ ಬಂದಿದ್ದರೆ ಮೊದಲನೇ ಹಂತದ್ದು. ರೋಗಿ ಅದೇ, ಗಡ್ಡೆ ಅದೇ. ಹೆಸರಿನ ಕಥೆಯೂ ಹಾಗೇ. ಹಿಂದೆ 3 ಸೆಂ.ಮೀ.ಗಿಂತ ಚಿಕ್ಕದನ್ನು ಕ್ಯಾನ್ಸರ್ ಅನ್ನದೆ ಅಡಿನೋಮಾ, ಅಂದರೆ ನಿರುಪದ್ರವಿ ಗಡ್ಡೆ, ಅನ್ನುವ ಕಾಲವೊಂದಿತ್ತು, ಆಮೇಲೆ ಅದನ್ನು ಕೈಬಿಟ್ಟರು. ಈಗ ಮತ್ತೆ ಕೆಲವಕ್ಕೆ ಸೌಮ್ಯ ಹೆಸರು ವಾಪಸು ಬರುತ್ತಿದೆ. 2016ರವರೆಗೆ ಪ್ಯಾಪಿಲರಿ ಅಡಿನೋಮಾ ಅನ್ನಲು 5 ಮಿ.ಮೀ. ಮಿತಿ ಇತ್ತು, ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷ ಅದನ್ನು 15 ಮಿ.ಮೀ.ಗೆ ಏರಿಸಿತು. 'ಕ್ಲಿಯರ್ ಸೆಲ್ ಪ್ಯಾಪಿಲರಿ' ಅನ್ನುವ ಒಂದು ಜಾತಿಯ ಹೆಸರಿನಿಂದ 2022ರಲ್ಲಿ 'ಕಾರ್ಸಿನೋಮಾ' ತೆಗೆದು 'ಟ್ಯೂಮರ್' ಅಂತ ಹಾಕಿದರು, ಅದು ಅಷ್ಟು ಸಾಧು ಸ್ವಭಾವದ್ದು ಅಂತ. ಒಂದು ಪದ. ಆದರೆ ಆ ಪದ ಓದುವವರ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುತ್ತದೋ ಇಲ್ಲವೋ ಅನ್ನುವುದು ಅದರ ಮೇಲೇ ನಿಂತಿರುತ್ತದೆ.

ಹಾಗಾದರೆ ಜನ ಉಳಿಯುತ್ತಿದ್ದಾರೋ? ಅಮೆರಿಕದ ಲೆಕ್ಕದಲ್ಲಿ ಪತ್ತೆಯಾಗಿ ಐದು ವರ್ಷ ಬದುಕಿರುವವರು 1970ರ ದಶಕದಲ್ಲಿ ನೂರಕ್ಕೆ ಐವತ್ತು, ಈಗ ಎಪ್ಪತ್ತೈದು ದಾಟಿದೆ. ಓದಿದ ಕೂಡಲೇ ಸಮಾಧಾನವಾಗುತ್ತದೆ. ಆದರೆ ದೊಡ್ಡಪ್ಪಯ್ಯನ ಲೆಕ್ಕ ಹಾಕಿ ನೋಡಿ. ಮಣಿಪಾಲದಲ್ಲಿ ತಿಳಿದ ಮೇಲೆ ಅವರು ಬದುಕಿದ್ದು ಐದು ತಿಂಗಳು. ಅದೇ ಗಡ್ಡೆ ನಾಲ್ಕು ವರ್ಷ ಮೊದಲೇ ಯಾವುದೋ ಸ್ಕ್ಯಾನಿನಲ್ಲಿ ಕಂಡು, ಏನೂ ಮಾಡದೆ ಬಿಟ್ಟು, ಅದೇ ದಿನವೇ ಹೋಗಿದ್ದರೂ 'ನಾಲ್ಕೂವರೆ ವರ್ಷ ಬದುಕಿದರು' ಅಂತ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ದಿನದ ಆಯುಸ್ಸೂ ಹೆಚ್ಚಿರುತ್ತಿರಲಿಲ್ಲ. 2006ರಲ್ಲಿ ಮಿಚಿಗನ್ನಿನ ಹಾಲಿಂಗ್ಸ್‌ವರ್ತ್ ಮತ್ತು ಸಂಗಡಿಗರು ಇದೇ ಸಂಕಟವನ್ನು ಎತ್ತಿ ತೋರಿಸಿದರು. ಚಿಕ್ಕ ಗಡ್ಡೆಗಳ ಪತ್ತೆ ಏರಿದೆ, ಆಪರೇಷನ್ನೂ ಏರಿದೆ, ಸಾವು ಮಾತ್ರ ಅದಕ್ಕೆ ತಕ್ಕ ಹಾಗೆ ಇಳಿದಿಲ್ಲ. ಬೇಗ ಕಂಡದ್ದರಿಂದ ಉಳಿದ ಜೀವಗಳಿವೆ, ಅದರಲ್ಲಿ ನನಗೆ ಅನುಮಾನವಿಲ್ಲ, ಅಂಥವರನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಕಂಡದ್ದೆಲ್ಲ ಕೊಲ್ಲುವಂಥದ್ದಲ್ಲ, ಕೊಲ್ಲುವುದೆಲ್ಲ ಹೊತ್ತಿಗೆ ಸರಿಯಾಗಿ ಕಾಣುತ್ತಲೂ ಇಲ್ಲ.

ಕೊಳೆ ಮತ್ತು ಭಾವ

2022ರಲ್ಲಿ ನಮ್ಮ ಅಕ್ಕನ ಯಜಮಾನರಿಗೆ ಮದುವೆ ಮನೆಯ ಊಟದ ಮೇಲೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು ಇರಬಹುದು ಅಂತ ಸ್ಕ್ಯಾನ್ ಮಾಡಿಸಿದರೆ ಅದು ಸ್ವಚ್ಛ. ಬಲ ಕಿಡ್ನಿಯಲ್ಲಿ 2.9 ಸೆಂ.ಮೀ. ಗಡ್ಡೆ. ಭಾವನಿಗೆ ಎಪ್ಪತ್ತೊಂದು, ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದೆ, ರಕ್ತ ತೆಳುಮಾಡುವ ಗುಳಿಗೆ ನುಂಗುತ್ತಾರೆ. ಯುರಾಲಜಿ ಡಾಕ್ಟರು ಸಿ.ಟಿ. ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿ, ಈಗ ಮುಟ್ಟುವುದು ಬೇಡ, ಆರು ತಿಂಗಳಿಗೊಮ್ಮೆ ನೋಡೋಣ ಅಂದರು.

ಮನೆಯಲ್ಲಿ ಯಾರಿಗೂ ಅದು ಒಪ್ಪಿಗೆಯಾಗಲಿಲ್ಲ. ಮಗ ಬೆಂಗಳೂರಿನಿಂದ ದಿನಕ್ಕೆ ಮೂರು ಸಲ ಫೋನು. ಭಾವ ಒಂದು ಸಂಜೆ ನಮ್ಮ ಮನೆಗೇ ಬಂದು ಕೂತರು. ಕಾಫಿ ಲೋಟ ಕೈಯಲ್ಲೇ ಆರುತ್ತಿತ್ತು. "ಅಲ್ಲ ಮಾರಾಯ್ತಿ, ಅಡಿಕೆಗೆ ಕೊಳೆ ರೋಗ ಬರೋ ಮುಂಚೆ ನಾವು ಔಷಧಿ ಹೊಡಿತೀವಿ. ನಮ್ಮಪ್ಪಯ್ಯನ ಕಾಲದಲ್ಲಿ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ತಿದ್ರು. ಒಂದು ಗೊನೆಗೆ ಬಂತು ಅಂದ್ರೆ ತೋಟಕ್ಕೇ ಬಂತು ಅಂತ ಲೆಕ್ಕ. ಇದು ಒಳಗೆ ಕೂತಿದೆ ಅಂತ ಗೊತ್ತಿದ್ದೂ ನೋಡ್ತಾ ಇರಿ ಅಂತಾರಲ್ಲ, ಅದು ಹೆಂಗೆ?"

ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ತೋಟದಲ್ಲಿ ಬೆಳೆದ ಯಾರಿಗಾದರೂ ಆ ಮಾತು ಸರಿ ಅಂತಲೇ ಅನ್ನಿಸುತ್ತದೆ. ಆಮೇಲೆ ನಿಧಾನಕ್ಕೆ ಹೇಳಿದೆ. ಭಾವ, ಕೊಳೆ ಒಂದು ವಾರದ ಮಳೆಗೆ ತೋಟ ಹಿಡಿಯುತ್ತದೆ. ಇದು ಹಾಗಲ್ಲ. ಈ ಅಳತೆಯ ಗಡ್ಡೆ ವರ್ಷಕ್ಕೆ ಸರಾಸರಿ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ, ಕೆಲವು ಬೆಳೆಯುವುದೇ ಇಲ್ಲ. ಇಷ್ಟು ಚಿಕ್ಕದಿರುವಾಗ ಬೇರೆ ಕಡೆಗೆ ಹರಡುವುದು ಅಪರೂಪ. ನಿಮ್ಮ ಹೃದಯಕ್ಕೆ ಅರಿವಳಿಕೆ, ರಕ್ತಸ್ರಾವ ತರುವ ಅಪಾಯ ಇದಕ್ಕಿಂತ ದೊಡ್ಡದು. ಜೋರಾಗಿ ಬೆಳೆಯಿತು ಅಂದರೆ ಆಗ ತೆಗೆಯಬಹುದು, ಅಷ್ಟು ಹೊತ್ತಿದೆ. ಭಾವ ತಲೆ ಅಲ್ಲಾಡಿಸಿದರು. ಒಪ್ಪಿದರೋ ದಣಿದರೋ ತಿಳಿಯಲಿಲ್ಲ.

ಈಗ ಮೂರು ವರ್ಷವಾಯಿತು. ಹೋದ ಸಲ ಅವರ ಮನೆಗೆ ಹೋದಾಗ ಅಡಿಕೆ ಲೆಕ್ಕದ ಪುಸ್ತಕ ಮೇಜಿನ ಮೇಲಿತ್ತು. ರಾಶಿ ಇಷ್ಟು ಕ್ವಿಂಟಾಲ್, ಬೆಟ್ಟೆ ಇಷ್ಟು, ದರ ಇಷ್ಟು ಅಂತ ಬರೆದ ಹಾಳೆಯ ಕೆಳಗೆ, ಅದೇ ದುಂಡಕ್ಷರದಲ್ಲಿ, ತಾರೀಕಿನ ಮುಂದೆ: 2.9, 2.9, 3.0, 3.1, 3.1, 3.3. ಅಷ್ಟೇ. ಏನಿದರ ಲೆಕ್ಕ ಅಂತ ಬರೆದಿರಲಿಲ್ಲ. ಸ್ಕ್ಯಾನಿಗೆ ಹೋಗುವ ಮೊದಲ ವಾರ ಅವರಿಗೆ ನಿದ್ದೆ ಬರುವುದಿಲ್ಲ ಅಂತ ಅಕ್ಕ ಹೇಳುತ್ತಾಳೆ. ದೊಡ್ಡಪ್ಪಯ್ಯನಿಗೆ ಈ ಸಂಕಟ ಇರಲಿಲ್ಲ, ಭಾವನಿಗೆ ದೊಡ್ಡಪ್ಪಯ್ಯನ ಸಂಕಟ ಇಲ್ಲ. ಆಯ್ಕೆ ಮಾಡಿಕೊಳ್ಳುವುದಾದರೆ ನಾನು ಭಾವನದ್ದನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಅದು ಸಣ್ಣ ಸಂಕಟ ಅಂತ ಮಾತ್ರ ಯಾರೂ ಹೇಳಬಾರದು.

ಆ ಒಂದು

ಹೋದ ವರ್ಷ ಮಾಘದಲ್ಲಿ ಆ ಬಕೆಟ್ ಬಂತು. ಹುಡುಗಿ ಎತ್ತಲು ಹೋಗಿ ಭಾರಕ್ಕೆ ಕೆಳಗಿಟ್ಟಳು. ಚೀಟಿಯಲ್ಲಿ ವಯಸ್ಸು ನಲವತ್ತನಾಲ್ಕು. ಕೊಯ್ದಾಗ ಅದೇ ಹಲಸಿನ ತೊಳೆಯ ಹಳದಿ, 13 ಸೆಂ.ಮೀ. ಕಿಡ್ನಿಯಿಂದ ಹೊರಡುವ ದೊಡ್ಡ ರಕ್ತನಾಳದ ಬಾಯಿಯಲ್ಲಿ ಗಡ್ಡೆಯೇ ಬಿರಡೆಯ ಹಾಗೆ ಕೂತಿತ್ತು. ಮೇಡಂ ಚಿಮಟದಿಂದ ಅದನ್ನು ಸ್ವಲ್ಪ ಎಳೆದು ನೋಡಿ, ಮಾತಾಡದೆ, ಆ ಜಾಗದ ತುಂಡು ಇಡಲು ಬೇರೆ ಕ್ಯಾಸೆಟ್, ಅಂದರೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಕೇಳಿದರು.

ರಿಪೋರ್ಟ್ ತೆಗೆದುಕೊಳ್ಳಲು ಬಂದದ್ದು ಅವನ ಹೆಂಡತಿ. ಅವನು ಅಡಿಕೆ ಮರ ಹತ್ತಿ ಕೊನೆ ತೆಗೆಯುವವನು. ಮೈಯಲ್ಲಿ ಬೊಜ್ಜಿಲ್ಲ, ಬಿ.ಪಿ. ಇದೆಯೋ ಇಲ್ಲವೋ ಯಾರೂ ನೋಡಿಲ್ಲ. ಒಂದು ವರ್ಷದಿಂದ ಆಗಾಗ ಕೆಂಪಗೆ ಹೋಗುತ್ತಿತ್ತು. ಮೊದಲು ಎಳನೀರು. ಆಮೇಲೆ ಅವರ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಕಲ್ಲಿರಬೇಕು ಅಂತ ಗುಳಿಗೆ ಕೊಟ್ಟರು, ಮೂರು ಸಲ. ಸ್ಕ್ಯಾನ್ ಮಾಡಿಸಿ ಅಂತ ಯಾರೂ ಬರೆದುಕೊಡಲಿಲ್ಲ. ಹೊಟ್ಟೆಯ ಸ್ಕ್ಯಾನಿಗೆ ಬೇಕಾದದ್ದು ಅವನ ಒಂದೆರಡು ದಿನದ ಕೂಲಿ. ಬೀದಿಗೊಂದು ಯಂತ್ರ ಬಂದ ಊರಿನಲ್ಲಿ ಅವನಿಗೆ ಸಿಕ್ಕಿದ್ದು ನಮ್ಮ ದೊಡ್ಡಪ್ಪಯ್ಯನಿಗೆ 1986ರಲ್ಲಿ ಸಿಕ್ಕಿದ ಚಿಕಿತ್ಸೆಯೇ. ಇದನ್ನು ನೆನೆದರೆ ನನಗೆ ಈಗಲೂ ಕೋಪ ಬರುತ್ತದೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತುಹೋದರೂ, ಸ್ಕ್ಯಾನ್ ಮಾಡಿಸಲೇಬೇಕು. ಎಳನೀರು ಕುಡಿಯಿರಿ, ಅದರಿಂದ ಕೆಡುಕಿಲ್ಲ. ಕುಡಿದು ಬಸ್ಸು ಹತ್ತಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲು ಅವಳಿಗೆ ಬ್ಲಾಕ್‌ಗಳು, ಸ್ಲೈಡ್‌ಗಳು ಬೇಕಿತ್ತು. ಹರಡಿದ್ದಕ್ಕೆ ಈಗ ಔಷಧಿಗಳಿವೆ, ಅಲ್ಲಿ ನೋಡಿ ಹೇಳುತ್ತಾರೆ ಅಂದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೇಣದ ಬಿಲ್ಲೆಗಳು, ಹನ್ನೆರಡು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಸ್ಲೈಡಿನ ಡಬ್ಬಿಯ ಜೊತೆ ಹತ್ತಿ ಇಟ್ಟು ಕೊಟ್ಟೆ. ಅವಳು ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಮೇಣದೊಳಗಿನ ಬೂದು ಚೂರನ್ನು ಬಹಳ ಹೊತ್ತು ನೋಡಿದಳು.

"ಇದು ಬಿಸಿಲಿಗೆ ಕರಗ್ತದಾ ಅಕ್ಕಾ?"

"ಕಿಟಕಿ ಹತ್ರ ಇಡಬೇಡ. ಸೀಟಿನ ಕೆಳಗೂ ಬೇಡ, ಎಂಜಿನ್ ಕಾವು ಇರುತ್ತೆ. ಮಡಿಲಲ್ಲೇ ಇಟ್ಕೋ."

ಅವಳು ಮತ್ತೆ ಕಾಗದದಲ್ಲಿ ಸುತ್ತಿ, ಸೆರಗಿನ ತುದಿಯಲ್ಲಿ ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಾತ್ರಿ ಬಸ್ಸಿಗೇ ಹೋಗ್ತೀನಿ, ಬಿಸಿಲು ಇರಲ್ಲ, ಅಂದಳು.